ಕ್ಯಾನ್‌ನಿಂದ ಕ್ಯಾನ್ ಎಫ್‌ಡಿಗೆ: ವಾಹನದೊಳಗಿನ ನೆಟ್‌ವರ್ಕ್‌ನ ವೇಗ ಹೆಚ್ಚಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ ಎಂದರೆ ವಾಹನದ ಇಸಿಯುಗಳು (ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳು) ಒಂದೇ ಜೋಡಿ ತಂತಿಯ ಮೇಲೆ, ಅಂದರೆ ಬಸ್‌ನಲ್ಲಿ, ಪರಸ್ಪರ ಸಂದೇಶ ಕಳಿಸುವ ವ್ಯವಸ್ಥೆ; ಕ್ಯಾನ್ ಎಫ್‌ಡಿ ಅದರ ವೇಗದ ಆವೃತ್ತಿ. ಬಸ್‌ಗೆ ಸೇರಿದ ಪ್ರತಿ ಇಸಿಯು ಒಂದು ನೋಡ್, ಒಮ್ಮೆಗೆ ಹೋಗುವ ಸಂದೇಶದ ಪೊಟ್ಟಣ ಒಂದು ಫ್ರೇಮ್. ಇಸಿಯು ವಿನ್ಯಾಸ, ಹಾರ್ನೆಸ್ (ವಾಹನದ ತಂತಿಗಳ ಕಟ್ಟು), ಫರ್ಮ್‌ವೇರ್, ಫ್ಲ್ಯಾಶಿಂಗ್ (ಇಸಿಯುಗೆ ಸಾಫ್ಟ್‌ವೇರ್ ತುಂಬುವ) ಕೆಲಸ ಮಾಡುವವರಿಗೂ ಈ ಕ್ಷೇತ್ರಕ್ಕೆ ಈಗಷ್ಟೇ ಕಾಲಿಡುತ್ತಿರುವ ವಿದ್ಯಾರ್ಥಿಗಳಿಗೂ ಈ ಪುಟ. ಬೇರೆ ಸಂದರ್ಭ ಹೇಳದಿದ್ದ ಕಡೆಯಲ್ಲೆಲ್ಲ 11 ಬಿಟ್ ಐಡಿಯ (ಸಂದೇಶದ ಗುರುತು ಸಂಖ್ಯೆಯ) ಫ್ರೇಮ್, ಸ್ಟಫ್ ಬಿಟ್ (ಒಂದೇ ಬೆಲೆಯ ಐದು ಬಿಟ್ ಸತತ ಬಂದರೆ ನಡುವೆ ಸೇರಿಸುವ ವಿರುದ್ಧ ಬಿಟ್) ಸೇರಿಸದ ಲೆಕ್ಕ ಎಂದು ತಿಳಿಯಿರಿ. ನಿಜವಾದ ಬಸ್‌ನಲ್ಲಿ ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ.

ಹಳೆಯ ಕ್ಯಾನ್‌ನ ಮಿತಿ ನಿಜಕ್ಕೂ ಎಷ್ಟು?

ಬಾಷ್ ಕಂಪನಿ 1986ರಲ್ಲಿ ಕ್ಯಾನ್ ಅನ್ನು ಹೊರತಂದಾಗ ಒಂದು ಫ್ರೇಮ್‌ಗೆ 8 ಬೈಟ್, ಹೆಚ್ಚೆಂದರೆ 1 ಎಂಬಿಪಿಎಸ್ ಎಂದು ನಿಗದಿಯಾಯಿತು. ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು 500 ಕೆಬಿಪಿಎಸ್. ಆ ವೇಗದಲ್ಲಿ ಒಂದು ಬಿಟ್‌ಗೆ 2 ಮೈಕ್ರೋಸೆಕೆಂಡು. 8 ಬೈಟ್‌ನ ಒಂದು ಫ್ರೇಮ್, ಮುಂದಿನ ಫ್ರೇಮ್‌ಗೆ ಮೊದಲಿನ 3 ಬಿಟ್ ಬಿಡುವೂ ಸೇರಿ, 111 ಬಿಟ್. ಅಂದರೆ 222 ಮೈಕ್ರೋಸೆಕೆಂಡು. ಸ್ಟಫ್ ಬಿಟ್‌ಗಳು ಅತಿ ಹೆಚ್ಚು ಸೇರಿದರೆ 135 ಬಿಟ್, 270 ಮೈಕ್ರೋಸೆಕೆಂಡು. ಹೀಗಾಗಿ 500 ಕೆಬಿಪಿಎಸ್ ಬಸ್ ಪೂರ್ತಿ ತುಂಬಿ ಹರಿದರೂ ನಿಮ್ಮ ಡೇಟಾಗೆ ದಕ್ಕುವುದು 237ರಿಂದ 288 ಕೆಬಿಪಿಎಸ್ ಅಷ್ಟೆ. ಉಳಿದದ್ದೆಲ್ಲ ಐಡಿ, ಸಿಆರ್‌ಸಿ (ದೋಷ ಪತ್ತೆಯ ಸಂಖ್ಯೆ), ಎಸಿಕೆ (ತಲುಪಿತೆಂಬ ಸ್ವೀಕೃತಿ), ಫ್ರೇಮ್ ಕೊನೆಯ ಬಿಟ್‌ಗಳ ಪಾಲು.

500 ಕೆಬಿಪಿಎಸ್ ಇರುವುದನ್ನು 1 ಎಂಬಿಪಿಎಸ್ ಮಾಡಿದರೆ ಮುಗಿಯಿತಲ್ಲ?

ಉದ್ದ ಕಡಿಮೆ ಇರುವ, ಅಚ್ಚುಕಟ್ಟಾದ ಬಸ್‌ನಲ್ಲಿ ಆಗುತ್ತದೆ. ಆದರೆ ಕ್ಯಾನ್‌ನಲ್ಲಿ ಎಲ್ಲ ನೋಡ್‌ಗಳೂ ಒಂದೇ ಬಿಟ್ ಅವಧಿಯೊಳಗೆ ಪರಸ್ಪರರ ಬಿಟ್ ನೋಡಬೇಕು. ಯಾರ ಐಡಿ ಗೆಲ್ಲುತ್ತದೆ ಎಂಬುದು ತೀರ್ಮಾನವಾಗುವುದೇ ಹಾಗೆ. ಸಿಗ್ನಲ್ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡು ತೆಗೆದುಕೊಳ್ಳುತ್ತದೆ. 40 ಮೀಟರ್ ಹೋಗಿ ಬರಲು 400 ನ್ಯಾನೋಸೆಕೆಂಡು, ಅದಕ್ಕೆ ಎರಡೂ ತುದಿಯ ಟ್ರಾನ್ಸೀವರ್‌ಗಳ (ಕಂಟ್ರೋಲರ್ ಮತ್ತು ಬಸ್ ನಡುವಿನ ಚಿಪ್‌ಗಳ) ವಿಳಂಬ ಸೇರಿಸಿದರೆ 1 ಮೈಕ್ರೋಸೆಕೆಂಡಿನ ಬಿಟ್‌ನಲ್ಲಿ ಉಳಿಯುವ ಜಾಗ ಅತ್ಯಲ್ಪ. 1 ಎಂಬಿಪಿಎಸ್‌ಗೆ 40 ಮೀಟರ್ ಬಸ್, 30 ಸೆಂಟಿಮೀಟರ್ ಸ್ಟಬ್ (ಬಸ್‌ನಿಂದ ನೋಡ್‌ಗೆ ಹೋಗುವ ಕವಲು) ಎಂಬ ಮಿತಿ ಬಂದದ್ದು ಇಲ್ಲಿಂದಲೇ. ಕಾರಿನ ಹಾರ್ನೆಸ್‌ನಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದು ಬಸ್‌ನ ಉದ್ದವಲ್ಲ, ಸ್ಟಬ್‌ಗಳು.

ಇಷ್ಟು ಕಷ್ಟಪಟ್ಟು ಸಿಗುವುದು ಎರಡು ಪಟ್ಟು ಮಾತ್ರ. ಅದೇ ಶ್ರಮವನ್ನು ಎಫ್‌ಡಿಗೆ ಹಾಕುವುದು ಲಾಭ.

ಕ್ಯಾನ್ ಎಫ್‌ಡಿಯಲ್ಲಿ ವೇಗ ಎಲ್ಲಿಂದ ಬರುತ್ತದೆ? ಎಷ್ಟು ಬರುತ್ತದೆ?

ಎರಡು ಕಡೆಯಿಂದ ಬರುತ್ತದೆ. ಐಡಿಯ ಪೈಪೋಟಿ ಮುಗಿದ ಮೇಲೆ ಬಸ್‌ನಲ್ಲಿ ಬರೆಯುವವನು ಒಬ್ಬನೇ. ಆದ್ದರಿಂದ ವೇಗದ ಬದಲಾವಣೆ ಸೂಚಿಸುವ ಬಿಆರ್‌ಎಸ್ ಬಿಟ್‌ನಿಂದ ಸಿಆರ್‌ಸಿ ಮುಗಿಯುವವರೆಗೆ ವೇಗ ಹೆಚ್ಚಿಸಬಹುದು. ಜೊತೆಗೆ ಒಂದು ಫ್ರೇಮ್‌ನಲ್ಲಿ 64 ಬೈಟ್‌ವರೆಗೆ ಹಿಡಿಯುತ್ತದೆ.

ಲೆಕ್ಕ ಹೀಗಿದೆ. 500 ಕೆಬಿಪಿಎಸ್‌ನಲ್ಲೇ ಉಳಿಯುವ ಭಾಗ ಸುಮಾರು 30 ಬಿಟ್, ಅಂದರೆ 60 ಮೈಕ್ರೋಸೆಕೆಂಡು. ಇದು ಡೇಟಾ ಎಷ್ಟೇ ಇರಲಿ, ಬದಲಾಗದು. 64 ಬೈಟ್ ಫ್ರೇಮ್‌ನ ವೇಗದ ಭಾಗ 549 ಬಿಟ್. 2 ಎಂಬಿಪಿಎಸ್‌ನಲ್ಲಿ ಅದಕ್ಕೆ 275 ಮೈಕ್ರೋಸೆಕೆಂಡು, ಒಟ್ಟು 335. ಅದೇ 64 ಬೈಟ್‌ಗೆ ಹಳೆಯ ಕ್ಯಾನ್‌ನಲ್ಲಿ 8 ಫ್ರೇಮ್, 1776 ಮೈಕ್ರೋಸೆಕೆಂಡು. ಅಂದರೆ ಐದು ಪಟ್ಟಿಗಿಂತ ಹೆಚ್ಚು.

ಈಗ ಹಳೆಯ 8 ಬೈಟ್ ಸಂದೇಶಗಳನ್ನು ಹಾಗೇ ಎಫ್‌ಡಿ ಫ್ರೇಮ್‌ಗೆ ಹಾಕಿ ನೋಡಿ: 60 ಕೂಡಿಸು 48, ಒಟ್ಟು 108 ಮೈಕ್ರೋಸೆಕೆಂಡು. ಬರೀ ಎರಡು ಪಟ್ಟು. "ನಾಲ್ಕು ಪಟ್ಟು ವೇಗದ ಬಸ್ ಹಾಕಿದೆವು, ಬಸ್ ಲೋಡ್ ಅರ್ಧಕ್ಕಷ್ಟೇ ಇಳಿಯಿತು" ಎಂಬ ದೂರಿಗೆ ಉತ್ತರ ಇದೇ.

ಡೇಟಾ ವೇಗವನ್ನು 5 ಎಂಬಿಪಿಎಸ್‌ಗೆ ಏರಿಸಿದರೆ 64 ಬೈಟ್‌ಗೆ 170, 8ಕ್ಕೆ ಏರಿಸಿದರೆ 129 ಮೈಕ್ರೋಸೆಕೆಂಡು. ಮೇಲೆ ಹೋದಂತೆ ಆ 60 ಮೈಕ್ರೋಸೆಕೆಂಡೇ ದೊಡ್ಡ ಪಾಲಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಯೋಜನೆಗಳಿಗೆ 500 ಕೆಬಿಪಿಎಸ್ ಮತ್ತು 2 ಎಂಬಿಪಿಎಸ್ ಜೋಡಿ, ಚೆನ್ನಾಗಿ ತುಂಬಿದ ಫ್ರೇಮ್‌ಗಳು, ಇಷ್ಟೇ ಸಾಕು.

ಫ್ರೇಮ್ ತುಂಬುವುದು ಹೇಗೆ?

8 ಬೈಟ್ ದಾಟಿದ ಮೇಲೆ ಎಫ್‌ಡಿಯಲ್ಲಿ ಎಲ್ಲ ಉದ್ದಗಳೂ ಇಲ್ಲ. 12, 16, 20, 24, 32, 48, 64 ಮಾತ್ರ. 33 ಬೈಟ್ ಡೇಟಾ ಇದ್ದರೆ 48ರ ಫ್ರೇಮ್ ಹೋಗುತ್ತದೆ, 15 ಬೈಟ್ ದಂಡ. ಸಿಗ್ನಲ್ ಪಟ್ಟಿ ಮಾಡುವಾಗಲೇ ಈ ಮೆಟ್ಟಿಲುಗಳಿಗೆ ಹೊಂದಿಸಿ.

ಆಟೋಸಾರ್ (ಇಸಿಯು ಸಾಫ್ಟ್‌ವೇರ್‌ನ ಪ್ರಮಾಣಿತ ರಚನೆ) ಬಳಸುವವರು ಕಂಟೇನರ್ ಪಿಡಿಯು ಮೂಲಕ ಹಲವು ಸಣ್ಣ ಸಂದೇಶಗಳನ್ನು ಒಂದೇ ಫ್ರೇಮ್‌ಗೆ ಸೇರಿಸಬಹುದು. ಚಿಕ್ಕ ಹೆಡರ್ ಆದರೆ ಪ್ರತಿ ಸಂದೇಶಕ್ಕೆ 4 ಬೈಟ್, ದೊಡ್ಡದಾದರೆ 8 ಬೈಟ್ ಖರ್ಚು. 8 ಬೈಟ್‌ನ ಸಂದೇಶಗಳಾದರೆ ಚಿಕ್ಕ ಹೆಡರ್‌ನೊಂದಿಗೆ 64 ಬೈಟ್‌ನಲ್ಲಿ ಐದು ಹಿಡಿಯುತ್ತವೆ. ಇಲ್ಲಿ ಎಡವುವುದು ಕಾಯುವ ಸಮಯದಲ್ಲಿ: ಕಂಟೇನರ್ ತುಂಬಲಿ ಎಂದು 10 ಮಿಲಿಸೆಕೆಂಡು ಕಾಯುವಂತೆ ಇಟ್ಟು, ಅದರೊಳಗೆ 5 ಮಿಲಿಸೆಕೆಂಡಿಗೊಮ್ಮೆ ಹೋಗಬೇಕಾದ ಬ್ರೇಕ್ ಸಂದೇಶ ಹಾಕಿದರೆ ಬಸ್ ಲೋಡ್ ಚೆನ್ನಾಗಿ ಕಾಣುತ್ತದೆ, ಬ್ರೇಕ್ ಇಸಿಯು ಟೈಮ್‌ಔಟ್ ಫಾಲ್ಟ್ ಎಸೆಯುತ್ತದೆ. ತುರ್ತು ಸಂದೇಶ ಬಂದ ಕೂಡಲೇ ಕಂಟೇನರ್ ಹೊರಡುವಂತೆ ಟ್ರಿಗರ್ ಇಡಿ.

ಇಸಿಯು ಫ್ಲ್ಯಾಶ್ ಮಾಡಲು ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿದೆ. ಎಫ್‌ಡಿ ಹಾಕಿದರೆ ಸರಿಹೋಗುತ್ತದೆಯೇ?

ಮೊದಲು ಎಸ್‌ಟಿಮಿನ್ ನೋಡಿ. ದೊಡ್ಡ ಸಂದೇಶವನ್ನು ತುಂಡು ಮಾಡಿ ಕ್ಯಾನ್ ಮೇಲೆ ಕಳಿಸುವ ಮಾನದಂಡವಾದ ಐಎಸ್‌ಒ 15765-2 ಪ್ರಕಾರ ಪಡೆಯುವ ಇಸಿಯು ತನ್ನ ಫ್ಲೋ ಕಂಟ್ರೋಲ್ ಫ್ರೇಮ್‌ನಲ್ಲಿ, ಎರಡು ಫ್ರೇಮ್‌ಗಳ ನಡುವೆ ಕನಿಷ್ಠ ಎಷ್ಟು ಬಿಡುವು ಬೇಕು ಎಂದು ಹೇಳುತ್ತದೆ. ಅದೇ ಎಸ್‌ಟಿಮಿನ್.

4 ಎಂಬಿಯ ಒಂದು ಇಮೇಜ್ ತೆಗೆದುಕೊಳ್ಳೋಣ. ಹಳೆಯ ಕ್ಯಾನ್‌ನಲ್ಲಿ ಪ್ರತಿ ಫ್ರೇಮ್‌ಗೆ 7 ಬೈಟ್, ಸುಮಾರು 5 ಲಕ್ಷ 99 ಸಾವಿರ ಫ್ರೇಮ್. ಬಿಡುವಿಲ್ಲದೆ ಹೋದರೆ 133 ಸೆಕೆಂಡು. ಎಸ್‌ಟಿಮಿನ್ 1 ಮಿಲಿಸೆಕೆಂಡು ಇದ್ದರೆ 732 ಸೆಕೆಂಡು, 12 ನಿಮಿಷದ ಮೇಲೆ! ಬಸ್ ಬಹುಪಾಲು ಸಮಯ ಖಾಲಿ ಕೂತಿರುತ್ತದೆ. ಎಫ್‌ಡಿಯಲ್ಲಿ 64 ಬೈಟ್ ಫ್ರೇಮ್‌ಗೆ 63 ಬೈಟ್ ಡೇಟಾ, 2 ಎಂಬಿಪಿಎಸ್‌ನಲ್ಲಿ ಒಟ್ಟು 22 ಸೆಕೆಂಡು; ಅಲ್ಲೂ 1 ಮಿಲಿಸೆಕೆಂಡು ಬಿಡುವು ಉಳಿಸಿಕೊಂಡರೆ 89 ಸೆಕೆಂಡು.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ. ಬೂಟ್‌ಲೋಡರ್‌ನಲ್ಲಿ (ಹೊಸ ಸಾಫ್ಟ್‌ವೇರ್ ಪಡೆದು ಬರೆಯುವ ಪ್ರೋಗ್ರಾಂನಲ್ಲಿ) ಎಸ್‌ಟಿಮಿನ್ 0, ಬ್ಲಾಕ್ ಸೈಜ್ (ಮುಂದಿನ ಫ್ಲೋ ಕಂಟ್ರೋಲ್‌ವರೆಗೆ ಕಳಿಸಬಹುದಾದ ಫ್ರೇಮ್‌ಗಳ ಎಣಿಕೆ; 0 ಎಂದರೆ ಮಿತಿಯಿಲ್ಲ) 0 ಮಾಡಿ. ಪಡೆಯುವ ಕಡೆ ಬಫರ್ ಸಾಲದಿದ್ದರೆ 0xಎಫ್1ರಿಂದ 0xಎಫ್9ರವರೆಗಿನ ಬೆಲೆಗಳಲ್ಲಿ 100ರಿಂದ 900 ಮೈಕ್ರೋಸೆಕೆಂಡು ಇಡಬಹುದು. ಟೆಸ್ಟರ್ (ಫ್ಲ್ಯಾಶ್ ಮಾಡುವ ಉಪಕರಣ) ಆ ಬೆಲೆಗಳನ್ನು ನಿಜವಾಗಿ ಪಾಲಿಸುತ್ತದೆಯೇ ಎಂದು ಟ್ರೇಸ್‌ನಲ್ಲಿ ನೋಡಿ. 1 ಮಿಲಿಸೆಕೆಂಡಿನ ಟಾಸ್ಕ್‌ನಿಂದ ಫ್ರೇಮ್ ಕಳಿಸುವ ಟೆಸ್ಟರ್‌ಗೆ ಎಸ್‌ಟಿಮಿನ್ 0 ಎಂದರೂ 1 ಮಿಲಿಸೆಕೆಂಡೇ. ಆಮೇಲೆ ಟ್ರಾನ್ಸ್‌ಫರ್ ಡೇಟಾ ಸೇವೆಯ ಬ್ಲಾಕ್ ಉದ್ದ ಹೆಚ್ಚಿಸಿ. ಒಂದು ಬ್ಲಾಕ್ ಫ್ಲ್ಯಾಶ್‌ಗೆ ಬರೆಯುವಾಗಲೇ ಇನ್ನೊಂದನ್ನು ಪಡೆಯುವಂತೆ ಎರಡು ಬಫರ್ ಇಡಿ. ಇಷ್ಟಾದ ಮೇಲೂ ನಿಧಾನ ಎನಿಸಿದರೆ ಆಗ ಬಸ್ ಬದಲಿಸುವ ಮಾತು. ಮೈಕ್ರೋಕಂಟ್ರೋಲರ್‌ನ ಫ್ಲ್ಯಾಶ್ ಅಳಿಸುವ, ಬರೆಯುವ ವೇಗವೇ ಮಿತಿಯಾಗಿದ್ದರೆ ಯಾವ ಬಸ್ ಹಾಕಿದರೂ ಅಷ್ಟೇ.

ಹಳೆಯ ಕ್ಯಾನ್ ಇಸಿಯುಗಳನ್ನು ಎಫ್‌ಡಿ ಬಸ್‌ನಲ್ಲೇ ಇಟ್ಟುಕೊಳ್ಳಬಹುದೇ?

ಎಫ್‌ಡಿ ಫ್ರೇಮ್ ಹರಿದಾಡುವಾಗ ಆಗದು. ಹಳೆಯ ಕಂಟ್ರೋಲರ್‌ಗೆ ಆ ಫ್ರೇಮ್ ಅರ್ಥವಾಗದೆ ಎರರ್ ಫ್ರೇಮ್ ಕಳಿಸಿ ಎಲ್ಲರದನ್ನೂ ಕೆಡಿಸುತ್ತದೆ. ಒಂದೇ ಒಂದು ಹಳೆಯ ನೋಡ್ ಸಾಕು. ಇದರ ವಿರುದ್ಧ ದಿಕ್ಕಿನಲ್ಲಿ ತೊಂದರೆಯಿಲ್ಲ: ಎಫ್‌ಡಿ ಕಂಟ್ರೋಲರ್ ಹಳೆಯ ಫ್ರೇಮ್‌ಗಳನ್ನು ಸಲೀಸಾಗಿ ಓದಿ ಬರೆಯುತ್ತದೆ. ಹಾಗಾಗಿ ಹಳೆಯವುಗಳನ್ನು ಗೇಟ್‌ವೇಯ (ಬಸ್‌ಗಳನ್ನು ಬೆಸೆಯುವ ಇಸಿಯುವಿನ) ಆಚೆ ಬೇರೆ ಬಸ್‌ಗೆ ಸರಿಸುವುದು ಸರಿಯಾದ ದಾರಿ. ಫ್ಲ್ಯಾಶಿಂಗ್ ಸಮಯಕ್ಕೆ ಮಾತ್ರ ಎಫ್‌ಡಿ ಬೇಕಿದ್ದರೆ, ಎಫ್‌ಡಿ ಫ್ರೇಮ್ ಕಂಡು ಎಚ್ಚರವಾಗದ ಪಾರ್ಷಿಯಲ್ ನೆಟ್‌ವರ್ಕಿಂಗ್ (ಆಯ್ದ ನೋಡ್‌ಗಳನ್ನಷ್ಟೇ ಎಚ್ಚರಿಸುವ) ಟ್ರಾನ್ಸೀವರ್ ಹಾಕಿ, ಉದಾಹರಣೆಗೆ ಟಿಜೆಎ1145ರ ಎಫ್‌ಡಿ ಆವೃತ್ತಿ, ಹಳೆಯ ನೋಡ್‌ಗಳನ್ನು ಅಷ್ಟು ಹೊತ್ತು ನಿದ್ದೆಗೆ ಕಳಿಸಬಹುದು.

ಇನ್ನೊಂದು ಬಗೆಯ ಹೊಂದಾಣಿಕೆ ದೋಷವೂ ಇದೆ. 2012ರ ಬಾಷ್ ಎಫ್‌ಡಿಗೂ 2015ರ ಐಎಸ್‌ಒ 11898-1ರ ಎಫ್‌ಡಿಗೂ ಸಿಆರ್‌ಸಿ ಭಾಗದಲ್ಲಿ ವ್ಯತ್ಯಾಸವಿದೆ. ಐಎಸ್‌ಒ ಸ್ಟಫ್ ಬಿಟ್‌ಗಳ ಎಣಿಕೆಯನ್ನೂ ಸೇರಿಸಿತು. ಒಂದು ಕಡೆ ಹಳೆಯದು, ಇನ್ನೊಂದು ಕಡೆ ಹೊಸದು ಇದ್ದರೆ ಎಲ್ಲ ಸೆಟಿಂಗ್ ಸರಿಯಿದ್ದರೂ ಪ್ರತಿ ಎಫ್‌ಡಿ ಫ್ರೇಮ್‌ನಲ್ಲಿ ಸಿಆರ್‌ಸಿ ಎರರ್. ಬಾಷ್‌ನ ಎಂ_ಕ್ಯಾನ್ ಕಂಟ್ರೋಲರ್ ಇರುವ ಚಿಪ್‌ಗಳಲ್ಲಿ ಎನ್‌ಐಎಸ್‌ಒ ಎಂಬ ಬಿಟ್ ಇದನ್ನು ಆಯ್ಕೆ ಮಾಡುತ್ತದೆ. ಅದು 0 ಇದ್ದರೆ ಐಎಸ್‌ಒ.

ಬಿಟ್ ಟೈಮಿಂಗ್‌ಗೆ ಯಾವ ಬೆಲೆಗಳನ್ನು ಹಾಕಲಿ?

ಕ್ಯಾನ್ ಕಂಟ್ರೋಲರ್‌ಗೆ 80, 40 ಅಥವಾ 20 ಮೆಗಾಹರ್ಟ್ಸ್ ಗಡಿಯಾರ ಕೊಡಿ. ಎಲ್ಲ ನೋಡ್‌ಗಳಿಗೂ ಒಂದೇ ಇದ್ದರೆ ಬಹಳಷ್ಟು ತಲೆನೋವು ತಪ್ಪುತ್ತದೆ. ಚಿಪ್‌ನ ಒಳಗಿನ ಆರ್‌ಸಿ ಆಸಿಲೇಟರ್ ಎಫ್‌ಡಿಗೆ ನಂಬುವಂಥದ್ದಲ್ಲ, ಕ್ರಿಸ್ಟಲ್ ಹಾಕಿ.

80 ಮೆಗಾಹರ್ಟ್ಸ್, ಪ್ರಿಸ್ಕೇಲರ್ (ಗಡಿಯಾರವನ್ನು ಭಾಗಿಸುವ ಸಂಖ್ಯೆ) 1 ಎಂದರೆ ಒಂದು ಟೈಮ್ ಕ್ವಾಂಟಮ್ (ಬಿಟ್ ಅವಧಿ ಅಳೆಯುವ ಚಿಕ್ಕ ಘಟಕ) 12.5 ನ್ಯಾನೋಸೆಕೆಂಡು. 500 ಕೆಬಿಪಿಎಸ್‌ಗೆ 160 ಕ್ವಾಂಟಾ ಬೇಕು: ಸಿಂಕ್ 1, ಸೆಗ್‌ಮೆಂಟ್-1 127, ಸೆಗ್‌ಮೆಂಟ್-2 32, ಎಸ್‌ಜೆಡಬ್ಲ್ಯು (ಸಿಂಕ್ ಸರಿಪಡಿಸಲು ಒಮ್ಮೆಗೆ ಸರಿಸಬಹುದಾದ ಮಿತಿ) 32. ಸ್ಯಾಂಪಲ್ ಪಾಯಿಂಟ್ (ಬಿಟ್‌ನ ಬೆಲೆ ಓದುವ ಕ್ಷಣ) 80 ಶೇಕಡಾ. 2 ಎಂಬಿಪಿಎಸ್‌ಗೆ 40 ಕ್ವಾಂಟಾ: 1, 31, 8, ಎಸ್‌ಜೆಡಬ್ಲ್ಯು 8, ಇಲ್ಲೂ 80 ಶೇಕಡಾ. 5 ಎಂಬಿಪಿಎಸ್‌ಗೆ 16 ಕ್ವಾಂಟಾ: 1, 11, 4, 75 ಶೇಕಡಾ. ಎಂ_ಕ್ಯಾನ್ ರಿಜಿಸ್ಟರ್‌ಗಳಿಗೆ ಈ ಬೆಲೆಗಳಿಗಿಂತ ಒಂದು ಕಡಿಮೆ ಬರೆಯಬೇಕು, 127 ಬೇಕಿದ್ದರೆ 126. ಇದನ್ನು ಮರೆತರೆ ವೇಗ ತಪ್ಪಿ, ಮೇಜಿನ ಮೇಲೆ ಎರಡು ನೋಡ್ ಇಟ್ಟಾಗ ಓಡಿದ್ದು ವಾಹನದಲ್ಲಿ ಬೀಳುತ್ತದೆ.

ಎರಡೂ ಹಂತಕ್ಕೆ ಪ್ರಿಸ್ಕೇಲರ್ ಒಂದೇ ಇರಲಿ. ಬೇರೆ ಬೇರೆ ಇಟ್ಟರೆ ವೇಗ ಬದಲಾಗುವ ಜಾಗದಲ್ಲಿ ಕ್ವಾಂಟಮ್‌ನಷ್ಟು ದೋಷ ಸೇರಿಕೊಳ್ಳುತ್ತದೆ. ಸ್ಯಾಂಪಲ್ ಪಾಯಿಂಟ್ ಬಸ್‌ನ ಎಲ್ಲ ನೋಡ್‌ಗಳಲ್ಲೂ ಒಂದೇ ಇರಬೇಕು. ಹಳೆಯ ಕ್ಯಾನ್‌ನಲ್ಲಿ ಒಂದು 75, ಇನ್ನೊಂದು 87.5 ಇದ್ದರೂ ಹೇಗೋ ನಡೆದುಹೋಗುತ್ತಿತ್ತು. ಎಫ್‌ಡಿಯಲ್ಲಿ ವೇಗ ಬದಲಾಗುವುದೇ ಬಿಆರ್‌ಎಸ್ ಬಿಟ್‌ನ ಸ್ಯಾಂಪಲ್ ಪಾಯಿಂಟ್‌ನಲ್ಲಿ. 2 ಮೈಕ್ರೋಸೆಕೆಂಡಿನ ಬಿಟ್‌ನಲ್ಲಿ 12.5 ಶೇಕಡಾ ವ್ಯತ್ಯಾಸ ಎಂದರೆ 250 ನ್ಯಾನೋಸೆಕೆಂಡು, 2 ಎಂಬಿಪಿಎಸ್‌ನ ಅರ್ಧ ಬಿಟ್.

ಟಿಡಿಸಿ ಎಂದರೇನು? ಬೇಕೇಬೇಕೇ?

ಕಳಿಸುವ ನೋಡ್ ತಾನು ಬರೆದ ಬಿಟ್ ಬಸ್‌ನಲ್ಲಿ ಸರಿಯಾಗಿ ಕಾಣುತ್ತಿದೆಯೇ ಎಂದು ವಾಪಸ್ ಓದಿ ನೋಡುತ್ತಲೇ ಇರುತ್ತದೆ. ಟ್ರಾನ್ಸೀವರ್ ಒಳಗೆ ಹೋಗಿ ಬರುವ ವಿಳಂಬ 255 ನ್ಯಾನೋಸೆಕೆಂಡಿನವರೆಗೂ ಇರಬಹುದು. 5 ಎಂಬಿಪಿಎಸ್‌ನಲ್ಲಿ ಇಡೀ ಬಿಟ್ಟೇ 200 ನ್ಯಾನೋಸೆಕೆಂಡು. ಓದುವ ಹೊತ್ತಿಗೆ ಆ ಬಿಟ್ ಇನ್ನೂ ಬಂದೇ ಇರುವುದಿಲ್ಲ. ವಿಳಂಬವನ್ನು ಅಳೆದು, ಓದುವ ಕ್ಷಣವನ್ನು ಅಷ್ಟು ಮುಂದೂಡುವ ವ್ಯವಸ್ಥೆಯೇ ಟಿಡಿಸಿ. 2 ಎಂಬಿಪಿಎಸ್‌ನಲ್ಲಿ ಲೆಕ್ಕದ ಪ್ರಕಾರ ಇಲ್ಲದೆಯೂ ನಡೆಯಬಹುದು. ಆದರೂ ಹಾಕಿಡಿ, ಅದರಲ್ಲೂ ನಡುವೆ ಐಸೊಲೇಟರ್ ಇದ್ದರೆ.

ಆಫ್‌ಸೆಟ್ ಬೆಲೆಯಾಗಿ ಡೇಟಾ ಹಂತದ ಸ್ಯಾಂಪಲ್ ಪಾಯಿಂಟ್ ಅನ್ನೇ ಗಡಿಯಾರದ ಎಣಿಕೆಯಲ್ಲಿ ಕೊಡಿ: ಮೇಲಿನ 2 ಎಂಬಿಪಿಎಸ್ ಉದಾಹರಣೆಗೆ 32, 5 ಎಂಬಿಪಿಎಸ್‌ಗೆ 12. ಎಂ_ಕ್ಯಾನ್‌ನಲ್ಲಿ ಟಿಡಿಸಿ ಬಳಸಲು ಡೇಟಾ ಪ್ರಿಸ್ಕೇಲರ್ 1 ಅಥವಾ 2 ಆಗಿರಬೇಕು.

ಟಿಡಿಸಿ ಮರೆತದ್ದರ ಗುರುತು ಸ್ಪಷ್ಟ: ನೋಡ್ ಬೇರೆಯವರ ಫ್ರೇಮ್‌ಗಳನ್ನೆಲ್ಲ ಸರಿಯಾಗಿ ಪಡೆಯುತ್ತದೆ, ತಾನು ಕಳಿಸಲು ಹೋದರೆ ಬಿಟ್ ಎರರ್. ಪ್ರತಿ ಸೋಲಿಗೆ ಎರರ್ ಕೌಂಟರ್ 8 ಏರುತ್ತದೆ. ಸತತ 32 ಸೋಲಿಗೆ ಬಸ್-ಆಫ್, ಅಂದರೆ ನೋಡ್ ಬಸ್‌ನಿಂದ ಹೊರಬೀಳುತ್ತದೆ.

ವೈರಿಂಗ್‌ನಲ್ಲಿ ಏನು ಬದಲಿಸಬೇಕು?

ಎಫ್‌ಡಿಗೆ ಹೋಗುವಾಗ ಹಣವೂ ಸಮಯವೂ ಹೆಚ್ಚು ಹಿಡಿಯುವ ಭಾಗ ಇದೇ.

ಬಸ್‌ನ ಎರಡು ತುದಿಗಳಲ್ಲಿ ತಲಾ 120 ಓಮ್ ರೆಸಿಸ್ಟರ್ (ಟರ್ಮಿನೇಷನ್) ಇರಬೇಕು, ತುದಿಗಳಲ್ಲೇ ಇರಬೇಕು. ಬ್ಯಾಟರಿ ಬಿಚ್ಚಿ ಬಸ್‌ನ ಎರಡು ತಂತಿಗಳಾದ ಕ್ಯಾನ್-ಹೈ ಮತ್ತು ಕ್ಯಾನ್-ಲೋ ನಡುವೆ ಮಲ್ಟಿಮೀಟರ್ ಇಟ್ಟರೆ ಸುಮಾರು 60 ಓಮ್ ತೋರಬೇಕು. 120 ತೋರಿದರೆ ಒಂದು ಟರ್ಮಿನೇಷನ್ ಇಲ್ಲ, 40 ತೋರಿದರೆ ಮೂರನೆಯದೊಂದು ಎಲ್ಲೋ ಸೇರಿದೆ. ಹೆಚ್ಚಾಗಿ ಅದು ಯಾರೋ ಸಿಕ್ಕಿಸಿ ಮರೆತ ಲಾಗರ್‌ನದು. ಒಬಿಡಿ (ಡಯಾಗ್ನೋಸ್ಟಿಕ್) ಸಾಕೆಟ್‌ನ 6 ಮತ್ತು 14ನೇ ಪಿನ್‌ಗಳಲ್ಲಿ ಅಳೆಯುವವರು ಗಮನಿಸಿ: ಗೇಟ್‌ವೇ ಇರುವ ಕಾರುಗಳಲ್ಲಿ ಅಲ್ಲಿ ಕಾಣುವುದು ಡಯಾಗ್ನೋಸ್ಟಿಕ್ ಬಸ್ ಮಾತ್ರ, ಒಳಗಿನ ಬಸ್‌ಗಳಲ್ಲ. ಇಎಂಸಿ (ವಿದ್ಯುತ್ಕಾಂತೀಯ ಅಡ್ಡಿ ತಡೆಯುವ) ದೃಷ್ಟಿಯಿಂದ 120 ಓಮ್ ಒಂದರ ಬದಲು 60 ಓಮ್ ಎರಡು ಹಾಕಿ, ನಡುವಿನಿಂದ ಗ್ರೌಂಡ್‌ಗೆ 4.7 ನ್ಯಾನೋಫ್ಯಾರಡ್ ಕೆಪಾಸಿಟರ್ ಕೊಡುವುದು ಒಳ್ಳೆಯದು.

ಸ್ಟಾರ್ ಜೋಡಣೆ ಬಿಡಿ. ನಾಲ್ಕೈದು ಕೊಂಬೆಗಳು ಒಂದೇ ಸ್ಪ್ಲೈಸ್‌ನಲ್ಲಿ ಸೇರಿದರೆ ಅಲ್ಲಿ ಇಂಪಿಡೆನ್ಸ್ ಕುಸಿದು ಸಿಗ್ನಲ್ ಹಿಂದೆ ಪುಟಿಯುತ್ತದೆ. 500 ಕೆಬಿಪಿಎಸ್‌ನಲ್ಲಿ ಆ ಅಲೆ ಸ್ಯಾಂಪಲ್ ಮಾಡುವ ಮೊದಲೇ ಅಡಗುತ್ತಿತ್ತು, 2 ಎಂಬಿಪಿಎಸ್‌ನಲ್ಲಿ ಅಡಗುವುದಿಲ್ಲ. ಪ್ರತಿ ಇಸಿಯುವಿನ ಕನೆಕ್ಟರ್‌ನಲ್ಲಿ ಎರಡು ಪಿನ್ ಒಳಕ್ಕೆ, ಎರಡು ಹೊರಕ್ಕೆ ಕೊಟ್ಟು ಸರಣಿಯಾಗಿ ಎಳೆದರೆ ಸ್ಟಬ್ ಬೋರ್ಡ್‌ನ ಒಳಗಿನ ಕೆಲವೇ ಸೆಂಟಿಮೀಟರ್‌ಗೆ ಇಳಿಯುತ್ತದೆ. ಪಿನ್ ಖರ್ಚಾಗುತ್ತದೆ, ನಿಜ.

ಕೇಬಲ್ 120 ಓಮ್ ಇಂಪಿಡೆನ್ಸ್‌ನ ತಿರುಚಿದ ಜೋಡಿ. ಪಿವಿಸಿ ಹೊದಿಕೆಯ ಗುಣ ಬಿಸಿಗೆ ಬದಲಾಗುವುದರಿಂದ ಎಂಜಿನ್ ಕೋಣೆಯ ಹತ್ತಿರ ಅದು ಬೇಡ. ಕನೆಕ್ಟರ್ ಹತ್ತಿರ ತಿರುಚು ಬಿಚ್ಚುವುದು 50 ಮಿಲಿಮೀಟರ್ ಮೀರದಿರಲಿ. ಬೋರ್ಡ್‌ನಲ್ಲಿ 100 ಮೈಕ್ರೋಹೆನ್ರಿಯ ಕಾಮನ್ ಮೋಡ್ ಚೋಕ್ ಮತ್ತು ಕಡಿಮೆ ಕೆಪಾಸಿಟೆನ್ಸ್‌ನ ಇಎಸ್‌ಡಿ (ಸ್ಥಿರವಿದ್ಯುತ್ ಹೊಡೆತ ತಡೆಯುವ) ಡಯೋಡ್ ಹಾಕಿ. ಹಳೆಯ ಬೋರ್ಡ್‌ನ ದೊಡ್ಡ ಕೆಪಾಸಿಟರ್‌ಗಳನ್ನು ಹಾಗೇ ಉಳಿಸಿಕೊಂಡರೆ ಅಂಚುಗಳು ಸವೆದು ಬಿಟ್ ಅಗಲ ಏರುಪೇರಾಗುತ್ತದೆ.

ಆಸಿಲೋಸ್ಕೋಪ್‌ನಲ್ಲಿ ಏನು ನೋಡಬೇಕು?

ಕನಿಷ್ಠ 100 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್. ಎರಡು ಪ್ರೋಬ್ ಇಟ್ಟು ಹೈ ಕಳೆ ಲೋ ಮಾಡಿ, ವ್ಯತ್ಯಾಸದ ಅಲೆಯನ್ನೇ ನೋಡಿ. ಕಣ್ಣಿಡಬೇಕಾದ್ದು ಡಾಮಿನೆಂಟ್‌ನಿಂದ (ಬಿಟ್ 0) ರಿಸೆಸಿವ್‌ಗೆ (ಬಿಟ್ 1) ಇಳಿಯುವ ಅಂಚಿನ ಮೇಲೆ, ಏಕೆಂದರೆ ಆ ಕ್ಷಣದಲ್ಲಿ ಬಸ್ಸನ್ನು ಯಾರೂ ಹಿಡಿದಿರುವುದಿಲ್ಲ; ಟರ್ಮಿನೇಷನ್ ಮಾತ್ರ ಕೆಳಗೆ ಎಳೆಯುತ್ತದೆ. 0.9 ವೋಲ್ಟ್ ಮೇಲೆ ಖಂಡಿತ ಡಾಮಿನೆಂಟ್, 0.5 ಕೆಳಗೆ ಖಂಡಿತ ರಿಸೆಸಿವ್. ಇಳಿದ ಮೇಲಿನ ಅಲುಗಾಟ ಸ್ಯಾಂಪಲ್ ಪಾಯಿಂಟ್‌ಗೆ ಮೊದಲೇ 0.5 ವೋಲ್ಟ್ ಕೆಳಗೆ ನೆಲೆಸಬೇಕು. 2 ಎಂಬಿಪಿಎಸ್, 80 ಶೇಕಡಾ ಆದರೆ ನಿಮಗಿರುವುದು 400 ನ್ಯಾನೋಸೆಕೆಂಡು; 5 ಎಂಬಿಪಿಎಸ್, 75 ಶೇಕಡಾ ಆದರೆ 150. ಒಂದೇ ಜಾಗದಲ್ಲಿ ನೋಡಿ ಸಮಾಧಾನಪಡಬೇಡಿ. ಉದ್ದನೆಯ ಸ್ಟಬ್‌ನ ತುದಿಯಲ್ಲಿ ನೋಡಿ, ಬೇರೆ ಬೇರೆ ನೋಡ್ ಕಳಿಸುವಾಗ ನೋಡಿ.

ಎಸ್‌ಐಸಿ (ಸಿಗ್ನಲ್ ಸುಧಾರಿಸುವ) ಟ್ರಾನ್ಸೀವರ್ ಹಾಕಿದರೆ ಹಾರ್ನೆಸ್ ಬದಲಿಸದೆ 5 ಎಂಬಿಪಿಎಸ್ ಸಿಗುತ್ತದೆಯೇ?

ಬಹಳ ಸಲ ಸಿಗುತ್ತದೆ. ಮೇಲೆ ಹೇಳಿದ ಆ ಇಳಿಯುವ ಅಂಚಿನಲ್ಲಿ ಎಸ್‌ಐಸಿ ಟ್ರಾನ್ಸೀವರ್ ಬಸ್ಸನ್ನು ಬಿಟ್ಟುಬಿಡದೆ ಸ್ವಲ್ಪ ಹೊತ್ತು ಸುಮಾರು 100 ಓಮ್‌ನಲ್ಲಿ ರಿಸೆಸಿವ್ ಕಡೆಗೆ ಹಿಡಿದಿಡುತ್ತದೆ. ಅಲುಗಾಟ ಅಲ್ಲೇ ಅಡಗುತ್ತದೆ. ಎನ್‌ಎಕ್ಸ್‌ಪಿಯ ಟಿಜೆಎ1462, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಕ್ಯಾನ್1462 ಇಂಥವು. ಸಾಮಾನ್ಯ ಎಂಟು ಪಿನ್ ಜೋಡಣೆಯವಾದ್ದರಿಂದ ಹಳೆಯ ಬೋರ್ಡ್‌ನಲ್ಲೇ ಕೂರಿಸಿ ನೋಡಬಹುದು. ಆದರೆ ಗುಣ ಇರುವುದು ಕಳಿಸುವ ಕಡೆ. ಬಸ್‌ನ ಒಂದೆರಡು ನೋಡ್‌ಗೆ ಮಾತ್ರ ಹಾಕಿದರೆ ಉಳಿದವು ಕಳಿಸುವಾಗ ಹಳೆಯ ಕಥೆಯೇ.

ಎರರ್ ಬರುತ್ತಿದೆ. ಎಲ್ಲಿಂದ ಹುಡುಕಲಿ?

ಮೊದಲು ಬಿಆರ್‌ಎಸ್ ಆಫ್ ಮಾಡಿ, ಎಫ್‌ಡಿ ಫ್ರೇಮ್‌ಗಳನ್ನು ಪೂರ್ತಿ 500 ಕೆಬಿಪಿಎಸ್‌ನಲ್ಲೇ ಕಳಿಸಿ. ಎರರ್ ಮಾಯವಾದರೆ ದೋಷ ವೇಗದ ಹಂತದ್ದು: ಡೇಟಾ ಬಿಟ್ ಟೈಮಿಂಗ್, ಟಿಡಿಸಿ, ಅಲುಗಾಟ. ಮಾಯವಾಗದಿದ್ದರೆ ಐಎಸ್‌ಒ ಹೊಂದಾಣಿಕೆ, ಬಸ್‌ನಲ್ಲಿ ಅಡಗಿರುವ ಹಳೆಯ ನೋಡ್, ಟರ್ಮಿನೇಷನ್, ಮೂಲ ಟೈಮಿಂಗ್ ನೋಡಿ. ಯಾವುದೋ ಒಂದು ನೋಡ್ ಕಳಿಸುವಾಗ ಮಾತ್ರ ಎರರ್ ಆದರೆ ಆ ನೋಡ್‌ನ ಸ್ಟಬ್ ಅಥವಾ ಗಡಿಯಾರ. ಬಿಸಿಯಾದ ಮೇಲೆ ಮಾತ್ರ ಬಂದರೆ ಗಡಿಯಾರ ಅಥವಾ ಕೇಬಲ್.

ಮೇಜಿನ ಮೇಲೆ ಒಂದೇ ನೋಡ್ ಇಟ್ಟು "ಎರರ್ ಕೌಂಟರ್ 128ಕ್ಕೆ ನಿಂತಿದೆ, ಬಸ್-ಆಫ್ ಆಗುತ್ತಿಲ್ಲ" ಎಂದು ಗಾಬರಿಯಾಗಬೇಡಿ. ಎಸಿಕೆ ಕೊಡಲು ಇನ್ನೊಬ್ಬರು ಇಲ್ಲದಾಗ ಕ್ಯಾನ್ ಹಾಗೇ ನಡೆದುಕೊಳ್ಳುವುದು.

ಎಂಸಿಪಿ2515 (ಕ್ಯಾನ್ ಕಂಟ್ರೋಲರ್ ಚಿಪ್) ಇರುವ ಮಾಡ್ಯೂಲ್‌ನಲ್ಲಿ ಎಫ್‌ಡಿ ಮಾಡಬಹುದೇ?

ಆಗದು, ಅದು ಹಳೆಯ ಕ್ಯಾನ್‌ಗೆ ಮಾತ್ರ. 8 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುವ ಮಾಡ್ಯೂಲ್ ಆದರೆ 1 ಎಂಬಿಪಿಎಸ್ ಕೂಡ ಆಗದು: ಒಂದು ಬಿಟ್‌ಗೆ 4 ಕ್ವಾಂಟಾ ಮಾತ್ರ ಸಿಗುತ್ತವೆ, ಆ ಚಿಪ್‌ಗೆ ಕನಿಷ್ಠ 5 ಬೇಕು. ಕಲಿಯಲು ಎಂಸಿಪಿ2518ಎಫ್‌ಡಿ ಇರುವ ಬೋರ್ಡ್ ಕೊಳ್ಳಿ, 40 ಮೆಗಾಹರ್ಟ್ಸ್ ಕ್ರಿಸ್ಟಲ್ ಇದೆಯೇ ನೋಡಿ. ಲಿನಕ್ಸ್‌ನಲ್ಲಿ ಇಂಟರ್‌ಫೇಸ್‌ಗೆ ಎಫ್‌ಡಿ ಆನ್ ಮಾಡಿದಾಗ ಎಂಟಿಯು (ಒಮ್ಮೆಗೆ ಕಳಿಸಬಹುದಾದ ಗರಿಷ್ಠ ಬೈಟ್) 16ರಿಂದ 72 ಆಗಬೇಕು. ಆಗದಿದ್ದರೆ 64 ಬೈಟ್ ಫ್ರೇಮ್ ಹೊರಗೇ ಹೋಗುವುದಿಲ್ಲ.

ಈಥರ್ನೆಟ್‌ಗೇ ಹೋಗಬಾರದೇಕೆ?

ಕ್ಯಾಮೆರಾ, ರೇಡಾರ್, ದೊಡ್ಡ ಸಾಫ್ಟ್‌ವೇರ್ ಅಪ್‌ಡೇಟ್, ಡೊಮೇನ್ ಕಂಟ್ರೋಲರ್‌ಗಳ ನಡುವಿನ ಬೆನ್ನೆಲುಬು, ಇವಕ್ಕೆ ಹೋಗಲೇಬೇಕು. 100ಬೇಸ್-ಟಿ1 ಒಂದೇ ತಿರುಚಿದ ಜೋಡಿಯಲ್ಲಿ ಎರಡೂ ದಿಕ್ಕಿಗೆ ಏಕಕಾಲಕ್ಕೆ 100 ಎಂಬಿಪಿಎಸ್ ಒಯ್ಯುತ್ತದೆ, 15 ಮೀಟರ್‌ವರೆಗೆ. 1000ಬೇಸ್-ಟಿ1 ಅದರ ಹತ್ತು ಪಟ್ಟು. ಆದರೆ ಇವು ಎರಡು ತುದಿಗಳ ನಡುವಿನ ಕೊಂಡಿಗಳು. ಮೂರನೆಯ ಇಸಿಯು ಬಂದರೆ ಸ್ವಿಚ್ ಬೇಕು. ಲಿಂಕ್ ಏಳದಿದ್ದರೆ ಮೊದಲು ನೋಡಬೇಕಾದ್ದು ಒಂದು ತುದಿ ಮಾಸ್ಟರ್, ಇನ್ನೊಂದು ಸ್ಲೇವ್ ಆಗಿದೆಯೇ ಎಂಬುದನ್ನು. ಎರಡೂ ಮಾಸ್ಟರ್ ಆಗಿರುವುದು ತೀರಾ ಸಾಮಾನ್ಯ.

ಬಾಗಿಲು, ಸೀಟು, ಎಸಿಯಂಥ ಕಡೆ ಇದು ದುಬಾರಿ. ಅಲ್ಲಿಗೆ 2019ರಲ್ಲಿ ಬಂದ 10ಬೇಸ್-ಟಿ1ಎಸ್ ಇದೆ: 10 ಎಂಬಿಪಿಎಸ್, ಒಂದೇ ಜೋಡಿಗೆ ಹಲವು ನೋಡ್, 25 ಮೀಟರ್, ಸ್ವಿಚ್ ಬೇಡ.

ಎಫ್‌ಡಿಯ ಮುಂದಿನ ಪೀಳಿಗೆಯಾದ ಕ್ಯಾನ್ ಎಕ್ಸ್‌ಎಲ್‌ಗೆ ಕಾಯಬೇಕೇ?

2024ರ ಐಎಸ್‌ಒ 11898-1ರಲ್ಲಿ ಅದು ಸೇರಿದೆ: ಫ್ರೇಮ್‌ಗೆ 2048 ಬೈಟ್‌ವರೆಗೆ, ಡೇಟಾ ಹಂತದಲ್ಲಿ 20 ಎಂಬಿಪಿಎಸ್‌ವರೆಗೆ, ಈಥರ್ನೆಟ್ ಫ್ರೇಮ್ ಅನ್ನೇ ಒಳಗಿಟ್ಟು ಕಳಿಸಬಹುದು. ಈಗಿನ ಯೋಜನೆ ನಿಲ್ಲಿಸಿ ಕಾಯುವ ಅಗತ್ಯವಿಲ್ಲ. ಎಫ್‌ಡಿಗಾಗಿ ಸರಣಿಯಾಗಿ, ಚಿಕ್ಕ ಸ್ಟಬ್‌ಗಳೊಂದಿಗೆ ಎಳೆದ ಹಾರ್ನೆಸ್ ಎಕ್ಸ್‌ಎಲ್‌ಗೂ ಬೇಕಾಗುವಂಥದ್ದೇ.

ನನ್ನ ಕಾರಿನ ಕ್ಯಾನ್ ವೇಗವನ್ನು ನಾನೇ ಹೆಚ್ಚಿಸಬಹುದೇ?

ಇಲ್ಲ. ವೇಗ ಪ್ರತಿ ಇಸಿಯುವಿನ ಫರ್ಮ್‌ವೇರ್‌ನಲ್ಲಿ ಕೂತಿದೆ. ಬೇರೆ ವೇಗದ ಉಪಕರಣ ಸಿಕ್ಕಿಸಿದರೆ ಎರರ್ ಫ್ರೇಮ್‌ಗಳಿಂದ ಬಸ್ ಕೆಟ್ಟು, ಮೀಟರ್ ಬೋರ್ಡ್‌ನಲ್ಲಿ ಎಬಿಎಸ್, ಸ್ಟೀರಿಂಗ್ ಎಚ್ಚರಿಕೆ ದೀಪಗಳು ಹೊತ್ತಿಕೊಳ್ಳುತ್ತವೆ. ಡೇಟಾ ಓದುವುದಷ್ಟೇ ಬೇಕಿದ್ದರೆ ಉಪಕರಣವನ್ನು ಲಿಸನ್-ಓನ್ಲಿ ಮೋಡ್‌ನಲ್ಲಿಟ್ಟು, ಅದರ 120 ಓಮ್ ಜಂಪರ್ ತೆಗೆದು ಸಿಕ್ಕಿಸಿ.